ಉಲ್ಲೇಖ ರಾಯರು

ಹೂಡಿ ಮೆಟ್ರೊ ನಿಲ್ದಾಣಕ್ಕೆ ಕೂಗಳತೆಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಾದರೂ ಕೆಮ್ಮಿದರೆ ಮೊದಲು ತೆರೆಯುವುದು ಮೂರನೇ ಮಹಡಿಯ ರಾಯರ ಬಾಗಿಲು. ಔಷಧಿ ಕೊಡಲಿಕ್ಕಲ್ಲ. ಕೆಮ್ಮಿದವರು ಶುಂಠಿ ಕಷಾಯದ ಮಹಿಮೆ ಎತ್ತಿದರೆ “ಅದಕ್ಕೆ ಉಲ್ಲೇಖ?” ಎಂದು ಕೇಳಲಿಕ್ಕೆ.

ರಾಯರು ಡಾಕ್ಟರಲ್ಲ. ಹಗಲಲ್ಲಿ ಐಟಿಪಿಎಲ್‌ನ ಸಾಫ್ಟ್‌ವೇರ್ ಟೆಸ್ಟರ್, ಅಂದರೆ ಬೇರೆಯವರ ತಪ್ಪು ಹುಡುಕಿ ಸಂಬಳ ಪಡೆಯುವವರು. ರಾತ್ರಿ ಅದೇ ಕೆಲಸವನ್ನು ಕನ್ನಡ ವಿಕಿಪೀಡಿಯದಲ್ಲಿ ಬಿಟ್ಟಿ ಮಾಡುತ್ತಾರೆ. 2003ರಲ್ಲಿ ಶುರುವಾದ ಆ ವಿಶ್ವಕೋಶಕ್ಕೆ 2010ರ ಆಸುಪಾಸಿನಲ್ಲಿ ಗೂಗಲ್ ತನ್ನ ಅನುವಾದ ಸಲಕರಣೆ ಹಿಡಿಸಿ ಇಂಗ್ಲಿಷಿನಿಂದ ಉದ್ದುದ್ದ ಲೇಖನ ಇಳಿಸಿತ್ತಲ್ಲ, ರಾಯರಿಗೆ ಅವೇ ಹಬ್ಬದೂಟ. ಅಲ್ಲಿ ವಾಕ್ಯದ ಆರಂಭದಲ್ಲಿ ಹಾಸಿಗೆ ಹಿಡಿದ ರೋಗಿ, ಕ್ರಿಯಾಪದ ಬರುವ ಹೊತ್ತಿಗೆ ಗುಣವಾಗಿರುತ್ತಾನೆ, ಇಲ್ಲವೇ ಹೋಗೇಬಿಟ್ಟಿರುತ್ತಾನೆ.

ರೋಗ, ಔಷಧಿಯ ಮಾತಿಗೆ ಉಲ್ಲೇಖವಾಗಿ ಒಂದು ಅಧ್ಯಯನ ಸಾಲದು, ಇಲಿಯ ಮೇಲಿನ ಪ್ರಯೋಗ ನಡೆಯದು. ಹತ್ತಾರು ಅಧ್ಯಯನ ತೂಗಿದ ವಿಮರ್ಶಾ ಲೇಖನವೇ ಆಗಬೇಕು, ಆದಷ್ಟೂ ಈಚಿನ ಐದು ವರ್ಷದ್ದು. ಇದು ಇಂಗ್ಲಿಷ್ ವಿಕಿಪೀಡಿಯದ ವೈದ್ಯಕೀಯ ಸಂಪಾದಕರ ಕಟ್ಟಳೆ. ರಾಯರು ಇದನ್ನು ಅಡುಗೆಮನೆಗೂ ತಂದಿದ್ದಾರೆ.

“ನಮ್ಮಜ್ಜಿ ಹೇಳ್ತಿದ್ರು...” ಎಂದು ಹೆಂಡತಿ ಬಾಯಿ ತೆರೆದರೆ, “ಅದು ಪ್ರಾಥಮಿಕ ಮೂಲ, ನಡೆಯಲ್ಲ ಕಣೇ.”

“ನಿಮ್ಮಮ್ಮ ಹೇಳಿದ್ರೆ ಮಾತ್ರ ವಿಮರ್ಶಾ ಲೇಖನವೋ?”

ಮಳೆಗಾಲ ಬಂತೆಂದರೆ ಯಾರೋ ಡೆಂಗಿ ಲೇಖನಕ್ಕೆ ಪರಂಗಿ ಎಲೆ ರಸ ಸುರಿಯುತ್ತಾರೆ, ರಾಯರು ಒರೆಸುತ್ತಾರೆ. “ಅರಳಿ ಕಟ್ಟೇಲಿ ಬೆಳಗಿನ ಜಾವದವರೆಗೂ ಜಗಳ” ಎಂದು ಅವರು ಕಣ್ಣುಜ್ಜಿಕೊಂಡರೆ ವಾಚ್‌ಮನ್‌ಗೆ ಗಾಬರಿ. ವಿಕಿಪೀಡಿಯದ ಚರ್ಚಾಪುಟಕ್ಕೆ ಆ ಹೆಸರೆಂದು ಅವನಿಗೇನು ಗೊತ್ತು! ಗ್ರಾಫೈಟ್ ಇಂಡಿಯಾ ಸಿಗ್ನಲ್‌ವರೆಗೂ ಕಟ್ಟೆ ಹುಡುಕಿ ಬಂದನಂತೆ.

ಎದುರುಮನೆ ಅಜ್ಜ ಒಮ್ಮೆ ಜ್ವರದ ಮಾತ್ರೆ ಎಷ್ಟು ನುಂಗಬೇಕೆಂದು ಕೇಳಿದರು.

“ಡೋಸು ನಾವು ಬರೆಯೋ ಹಾಗಿಲ್ಲ ತಾತ. ಡಾಕ್ಟರನ್ನ ಕೇಳಿ.”

“ಮತ್ತೆ ರಾತ್ರಿಯೆಲ್ಲ ಕೂತು ಏನಪ್ಪಾ ಬರೀತೀಯ?”

“ಮಾತ್ರೆಯ ಇತಿಹಾಸ.”

ಹೋದ ವರ್ಷ ಅವರ ಅತ್ತೆ ಮಾಲೂರಿನಿಂದ ರೈಲಿನಲ್ಲಿ ಬಂದಿಳಿದಾಗ ಬೆನ್ನಿಗೆ ಸರ್ಪಸುತ್ತು. ಕೆಮ್ಮಣ್ಣು ಬಳಿಸಿಕೊಂಡೇ ಬಂದಿದ್ದರು. ಹಾವಿನ ತಲೆ ಬಾಲ ಕೂಡಿಬಿಟ್ಟರೆ ಗತಿಯೇನೆಂಬ ಭಯ ಬೇರೆ. ರಾಯರ ಮುಖ ಅರಳಿತು. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಕೊಟ್ಟ ವೈರಸ್ಸೇ ನರದ ಬುಡದಲ್ಲಿ ಅಡಗಿ ಕೂತು ಮುಪ್ಪಿನಲ್ಲಿ ಏಳುತ್ತದೆ. ಒಂದು ನರದ ಜಾಡು ಹಿಡಿದು ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ನಿಲ್ಲುತ್ತದೆ. ಆದ್ದರಿಂದ ಹಾವು ಸುತ್ತು ಹಾಕುವ ಮಾತೇ ಇಲ್ಲ. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು ಎಂದೆಲ್ಲ ವಿವರಿಸುತ್ತಾ ಅದರಲ್ಲಿ ಒಂದು ಗಂಟೆ ತಾವೇ ತಿಂದರು. ಹೆಂಡತಿ ಅಷ್ಟರಲ್ಲಿ ಆಟೊ ಕರೆಸಿದ್ದರು. ಅವತ್ತೇ ಡಾಕ್ಟರ ಬಳಿ ಒಯ್ದರೆನ್ನುವುದನ್ನು ಮಾತ್ರ ಒಪ್ಪಬೇಕು. ನಮ್ಮ ವಾಟ್ಸ್ಯಾಪ್ ಗುಂಪಿನ ಧನ್ವಂತರಿಗಳು ಇನ್ನೊಂದು ಬಗೆಯ ಮಣ್ಣು ಹೇಳುತ್ತಿದ್ದರು.

ಗುಣವಾಯಿತು. ಕೀರ್ತಿಯೆಲ್ಲ ಕೆಮ್ಮಣ್ಣಿಗೆ ಹೋಯಿತು.

ಅದಕ್ಕೂ ಮುಂಚೆ, ಗುಳ್ಳೆ ಇನ್ನೂ ಕೆಂಪಗಿದ್ದಾಗ, ರಾಯರು ಫೋನು ಹಿಡಿದು ಅತ್ತೆಯ ಹಿಂದೆ ಸುಳಿದಾಡಿದ್ದುಂಟು. ನಮ್ಮವರ ಮೈಬಣ್ಣದ ಮೇಲೆ ಸರ್ಪಸುತ್ತು ಹೇಗೆ ಕಾಣುತ್ತದೆಂಬ ಚಿತ್ರ ಲೇಖನಕ್ಕೆ ಬೇಕಿತ್ತು.

“ಅತ್ತೆ, ಬೆನ್ನಿಂದು ಒಂದೇ ಫೋಟೊ. ಮುಖ ಬರಲ್ಲ. ಮುಕ್ತ ಪರವಾನಗಿ, ಪ್ರಪಂಚದಲ್ಲಿ ಯಾರು ಬೇಕಾದ್ರೂ ಬಳಸಬಹುದು.”

ಅತ್ತೆ ಸೆರಗು ಬಿಗಿಯಾಗಿ ಹೊದ್ದರು. “ನಿಮ್ಮ ಮದುವೆ ಆಲ್ಬಮ್ಮಿನಲ್ಲಿ ನಂದು ನೆಟ್ಟಗಿರೋ ಒಂದು ಫೋಟೊ ಇಲ್ಲ ಅಳಿಯಂದ್ರೇ. ಅದಕ್ಕೊಂದು ದಾರಿ ಮಾಡಿ, ಆಮೇಲೆ ಪ್ರಪಂಚಕ್ಕೆ ಬೆನ್ನು ತೋರಿಸ್ತೀನಿ.”