ಮೇಲಿನ ಎಲ್ಲವೂ ಸರಿ

ನಮ್ಮ ರಾಜ್ಯದಲ್ಲಿ ಸತ್ಯಕ್ಕೆ ಎರಡು ಹಂತ: ತಾತ್ಕಾಲಿಕ ಕೀ ಉತ್ತರ, ಪರಿಷ್ಕೃತ ಕೀ ಉತ್ತರ. ಮೊದಲನೆಯದು ಪ್ರಕಟವಾದ ದಿನ ಸೂರ್ಯ ಎಲ್ಲಿ ಹುಟ್ಟುತ್ತಾನೆಂಬುದು ಇತ್ಯರ್ಥವಾಗುತ್ತದೆ. ಆಕ್ಷೇಪಣೆಗಳು ಬಂದ ಮೇಲೆ ಎರಡನೆಯದು ಹೊರಬೀಳುತ್ತದೆ. ಸೂರ್ಯ ದಿಕ್ಕು ಬದಲಿಸುತ್ತಾನೆ. ಯಾವ ದಿಕ್ಕೂ ಒಪ್ಪಿಗೆಯಾಗದಿದ್ದರೆ ಎಲ್ಲರಿಗೂ ಕೃಪಾಂಕ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಹಿಡಿದು ಎಫ್‌ಡಿಎ, ಪಿಡಿಒ, ಪಿಎಸ್‌ಐ ಅಂತ ವರ್ಷಗಟ್ಟಲೆ ಓದುವ ಹುಡುಗರಿಗೆ ಇದೆಲ್ಲ ಬಾಯಿಪಾಠ. ಅವರನ್ನು ನೋಡಿ ನಗುವಂಥದ್ದೇನಿಲ್ಲ. ನಗು ಬರುವುದು ‘ಏಕೆ’ ಎಂಬ ಪ್ರಶ್ನೆಯನ್ನು ಜ್ಞಾನದ ಪಠ್ಯಕ್ರಮದಿಂದಲೇ ತೆಗೆದುಹಾಕಿದ ಮಹನೀಯರನ್ನು ನೋಡಿ.

ಸಂಗೀತವನ್ನೇ ತೆಗೆದುಕೊಳ್ಳಿ. ಕರ್ನಾಟಕ ಸಂಗೀತದಲ್ಲಿ ಮೇಳಕರ್ತ ರಾಗಗಳೆಷ್ಟು? 72. ಓಎಂಆರ್ ಹಾಳೆಯ ಸೊನ್ನೆ ಕಪ್ಪಾಯಿತು, ಒಂದು ಅಂಕ ಬಂತು, ಸಂಗೀತ ಮುಗಿಯಿತು. ಆ 72 ಆಕಾಶದಿಂದ ಉದುರಿದ್ದಲ್ಲ. ಷಡ್ಜ, ಪಂಚಮ ಕದಲುವುದಿಲ್ಲ. ರಿಷಭ–ಗಾಂಧಾರಗಳನ್ನು ಆರು ಬಗೆಯಲ್ಲಿ ಜೋಡಿಸಬಹುದು, ಧೈವತ–ನಿಷಾದಗಳನ್ನು ಆರು ಬಗೆಯಲ್ಲಿ, ಮಧ್ಯಮ ಎರಡು. ಆರಾರಲಿ ಮೂವತ್ತಾರು, ಅದರ ಎರಡು ಪಟ್ಟು ಎಪ್ಪತ್ತೆರಡು. 17ನೇ ಶತಮಾನದಲ್ಲಿ ವೆಂಕಟಮಖಿ ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ಹಾಕಿದ ಈ ಲೆಕ್ಕ ನಾಲ್ಕನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ. ಆದರೆ ಅರ್ಥವಾಗುವುದಕ್ಕೆ ಅಂಕವಿಲ್ಲ. ಯಂತ್ರಕ್ಕೆ ಓದಲು ಬರುವುದು ಕಪ್ಪು ಚುಕ್ಕೆ ಮಾತ್ರ. ಅದಕ್ಕೆ ಮಾಯಾಮಾಳವಗೌಳವೂ ಒಂದೇ, ಮಲೇರಿಯಾವೂ ಒಂದೇ.

ಹಿಂದೂಸ್ತಾನಿಯ ಕಥೆ ಇನ್ನೂ ಸೊಗಸು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ: ಕಿರಾಣಾ. ಮಲ್ಲಿಕಾರ್ಜುನ ಮನ್ಸೂರ್: ಜೈಪುರ–ಅತ್ರೌಲಿ. ಕೋಚಿಂಗ್ ಸೆಂಟರಿನ ಸರ್ ಇದಕ್ಕೊಂದು ಕೋಡ್‌ವರ್ಡ್ ಕೊಡುತ್ತಾರೆ: “ಗಂಗೂಬಾಯಿ ಕಿರಾಣಿ ಅಂಗಡೀಗ್ ಹೋದ್ರು ಅಂತ ನೆನಪಿಟ್ಕೊಳ್ರಪ್ಪಾ, ಮರೆಯಂಗೇ ಇಲ್ಲ.” ನಿಜ, ಮರೆಯುವ ಹಾಗೇ ಇಲ್ಲ. ಮನ್ಸೂರರು ಬಾಳಿ ಬದುಕಿದ ಧಾರವಾಡದಲ್ಲೇ ಕುಳಿತು, ಅವರ ಐದು ನಿಮಿಷದ ಹಾಡು ಕೇಳದೆ, ಅವರ ಘರಾಣೆಗೆ ಸರಿಯಾಗಿ ಚುಕ್ಕೆ ಇಡುವ ವಿದ್ಯೆ ಸಣ್ಣದಲ್ಲ.

ಪ್ರವಾಸದ ವಿಭಾಗಕ್ಕೆ ಬಂದರೆ ಜ್ಞಾನಕ್ಕೂ ಎಕ್ಸ್‌ಪೈರಿ ದಿನಾಂಕ ಇದೆ ಎಂಬುದು ತಿಳಿಯುತ್ತದೆ. ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಯಾವುದು? ಬಹುಕಾಲ ಖರಗ್‌ಪುರ, 1,072 ಮೀಟರ್. 2013ರಲ್ಲಿ ಗೋರಖ್‌ಪುರ, 1,366 ಮೀಟರ್. 2023ರ ಮಾರ್ಚ್‌ನಿಂದ ನಮ್ಮ ಹುಬ್ಬಳ್ಳಿ, 1,507 ಮೀಟರ್. ಖರಗ್‌ಪುರ ಎಂದು ಬರೆದು ನೌಕರಿ ಹಿಡಿದವರು ನಿವೃತ್ತಿಯ ಅಂಚಿನಲ್ಲಿದ್ದಾರೆ, ಗೋರಖ್‌ಪುರ ಎಂದವರು ಬಡ್ತಿಗೆ ಕಾಯುತ್ತಿದ್ದಾರೆ, ಹುಬ್ಬಳ್ಳಿ ಎಂದವರ ಫಲಿತಾಂಶ ಇನ್ನೂ ಬಂದಿಲ್ಲ. ಅಷ್ಟುದ್ದ ಯಾಕೆ ಕಟ್ಟಿದರು, ಒಂದೇ ಪ್ಲಾಟ್‌ಫಾರ್ಮಿನಲ್ಲಿ ಎರಡು ರೈಲು ನಿಂತು ಒಂದು ಈ ಕಡೆ, ಇನ್ನೊಂದು ಆ ಕಡೆ ಹೊರಡುವ ಅನುಕೂಲವೇನು ಎಂದು ಯಾರೂ ಕೇಳಲಿಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗು ಹಿಡಿದು ಆ ತುದಿಯ ಬೋಗಿಗೆ ಓಡುವ ತಾಯಿಗೆ ಮಾತ್ರ ಆ ಉದ್ದ ಗೊತ್ತು. ಆಕೆ ಪರೀಕ್ಷೆ ಕಟ್ಟಿಲ್ಲ.

ಬಣ್ಣಗಳಲ್ಲಿ ವಿಮಾನದ ‘ಬ್ಲ್ಯಾಕ್ ಬಾಕ್ಸ್’ ಕಿತ್ತಳೆ ಬಣ್ಣದ್ದು ಎಂಬುದು ಈಗ ಅಂಗನವಾಡಿಗೂ ತಲುಪಿದೆ. ಅದಕ್ಕಿಂತ ಮೋಜಿನದು ಮತದಾನದ ಶಾಯಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಅದನ್ನು ಒದಗಿಸುತ್ತಿದೆ. ಹಚ್ಚುವಾಗ ನೇರಳೆ, ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಬಿದ್ದು ಕಪ್ಪಾಗುತ್ತದೆ. “ಶಾಯಿಯ ಬಣ್ಣ ಯಾವುದು?” ಎಂದು ಕೇಳಿ ‘ನೇರಳೆ’, ‘ಕಪ್ಪು’ ಎರಡನ್ನೂ ಆಯ್ಕೆಯಲ್ಲಿಟ್ಟರೆ ಮುಗಿಯಿತು, ತಾತ್ಕಾಲಿಕ ಕೀ ನೇರಳೆ, ಪರಿಷ್ಕೃತ ಕೀ ಕಪ್ಪು.

ಇನ್ನು ಪರೀಕ್ಷೆ ಬರೆಯದ ಪಂಡಿತರು. ಇವರ ವಿಶ್ವವಿದ್ಯಾಲಯ ಫೋನಿನಲ್ಲಿದೆ, ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವಿನ ಹಿಂದೆಯೇ ತರಗತಿ ಶುರು. ಯುನೆಸ್ಕೊ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠವೆಂದು ಘೋಷಿಸಿದೆ (ಯುನೆಸ್ಕೊ ಅಂಥ ಸ್ಪರ್ಧೆ ನಡೆಸುವುದೇ ಇಲ್ಲ). ಚೀನಾದ ಮಹಾಗೋಡೆ ಬಾಹ್ಯಾಕಾಶದಿಂದ ಬರಿಗಣ್ಣಿಗೆ ಕಾಣುತ್ತದೆ (2003ರಲ್ಲಿ ಮೇಲೇರಿದ ಚೀನಾದವರೇ ಆದ ಯಾಂಗ್ ಲಿವೇ, ತಮಗೆ ಕಾಣಲಿಲ್ಲ ಎಂದರು). ಐನ್‌ಸ್ಟೈನ್ ಗಣಿತದಲ್ಲಿ ಫೇಲಾಗಿದ್ದ; ಇದು ಮಗ ಫೇಲಾದ ದಿನ ಅಪ್ಪಂದಿರಿಗೆ ತುಂಬ ಬೇಕಾಗುವ ಜ್ಞಾನ. ಆತ ಹದಿನೈದು ತುಂಬುವ ಮೊದಲೇ ಕಲನಶಾಸ್ತ್ರ ಅರಗಿಸಿಕೊಂಡಿದ್ದ ಎಂದರೆ ಅಪ್ಪಂದಿರ ಮುಖ ಬಾಡುತ್ತದೆ. ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ. 2012ರಲ್ಲಿ ಮಾಹಿತಿ ಹಕ್ಕಿನಡಿ ಒಬ್ಬ ಶಾಲಾ ಬಾಲಕಿ ಕೇಳಿದಾಗ, ಹಾಗೆ ಯಾವ ಆಟವನ್ನೂ ಘೋಷಿಸಿಲ್ಲ ಎಂದು ಕ್ರೀಡಾ ಸಚಿವಾಲಯವೇ ಹೇಳಿತು. ಹಿಂದಿ ನಮ್ಮ ರಾಷ್ಟ್ರಭಾಷೆ ಎನ್ನುವವರಿಗೆ ಸಂವಿಧಾನದ 343ನೇ ವಿಧಿ ತೋರಿಸಿ; ಅಲ್ಲಿರುವುದು ಕೇಂದ್ರದ ಆಡಳಿತ ಭಾಷೆಯ ಮಾತು. ತೋರಿಸಿದ ಮೇಲೆ ಗ್ರೂಪಿನಲ್ಲಿ ನೀವಿರುವುದಿಲ್ಲ, ಅಷ್ಟೆ.

ಒಂದು ಅಪವಾದ ಹೇಳದಿದ್ದರೆ ಅನ್ಯಾಯವಾದೀತು. ದೂರದರ್ಶನ ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ‘ಥಟ್ ಅಂತ ಹೇಳಿ’ ನಡೆಸಿಕೊಂಡು ಬಂದಿದ್ದಾರೆ. ಉತ್ತರ ಬಂದ ಮೇಲೂ ಅದರ ಹಿನ್ನೆಲೆ ಹೇಳದೆ ಬಿಡುವವರಲ್ಲ ಅವರು. ಗೆದ್ದವರಿಗೆ ಕೋಟಿ ರೂಪಾಯಿ ಇಲ್ಲ, ಕನ್ನಡ ಪುಸ್ತಕ. ಇಷ್ಟು ಕಡಿಮೆ ಲಾಭದ ವ್ಯವಹಾರವನ್ನು ಇಷ್ಟು ಕಾಲ ನಡೆಸುವುದಕ್ಕೆ ಬೇರೆಯದೇ ಜ್ಞಾನ ಬೇಕು.

ನಿಮಗೊಂದು ವಿನಂತಿ. ಮುಂದೆ ಯಾರಾದರೂ ನಿಮ್ಮೆದುರು ಮೇಳಕರ್ತ ರಾಗಗಳು 72 ಎಂದರೆ, “ಯಾಕೆ 71 ಅಲ್ಲ?” ಎಂದು ಮೆಲ್ಲಗೆ ಕೇಳಿ ನೋಡಿ. ಉತ್ತರ ಬರದಿದ್ದರೆ ಜಗಳಕ್ಕಿಳಿಯಬೇಡಿ. ನಿಮ್ಮ ಖಾತಾ ಬದಲಾವಣೆಯ ಅರ್ಜಿ ಅವರ ಮೇಜಿನ ಮೇಲೇ ಇರಬಹುದು.