ಕಾರು-ಸೈಕಲ್: ಸ್ಥಾವರ-ಜಂಗಮ ನಿರ್ಣಯ

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿರುವಾಗ, ಕಾರು ವಾಹನ ಹೌದೋ ಅಲ್ಲವೋ ಎಂದು ಕೇಳುವುದು ಉದ್ಧಟತನವೆನಿಸೀತು. ಆದರೆ ಶಾಸ್ತ್ರವೆಂದ ಮೇಲೆ ಎಲ್ಲರೂ ಒಪ್ಪಿ ಕೂತದ್ದನ್ನೇ ಮೊದಲು ಎಬ್ಬಿಸಿ ಕೇಳಬೇಕು. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟು: ಪೇಟೆಯೊಳಗೆ ಮೂರು ಕಿಲೋಮೀಟರಿಗೆ ಮೀರದ ಪಯಣದಲ್ಲಿ ಕಾರು ಸ್ಥಾವರ, ಸೈಕಲ್ ಜಂಗಮ. ಹೇತು: ಕಾರು ನಿಲ್ಲುತ್ತದೆ. ಉದಾಹರಣೆ: ಗಾಂಧಿ ಬಜಾರ್. ನೈಯಾಯಿಕರು ಕೇಳುವ ಉಳಿದೆರಡು ಅವಯವಗಳನ್ನು ಸಿಗ್ನಲ್ಲಿನಲ್ಲಿ ನಿಂತಿರುವ ಓದುಗರು ತಾವೇ ಪೂರೈಸಿಕೊಳ್ಳಬಹುದು. ಹೊತ್ತಿಗೆ ಅವರಲ್ಲಿ ಬರವಿಲ್ಲ.

ಮೊದಲು ಶಬ್ದನಿಷ್ಪತ್ತಿ. ಇಂಗ್ಲಿಷಿನವರು ಕಾರನ್ನು ಲ್ಯಾಟಿನ್ನಿನ ಬಂಡಿಗೆ ಕಟ್ಟುತ್ತಾರೆ, ಕಟ್ಟಲಿ. ಕನ್ನಡದಲ್ಲಿ 'ಕಾರು' ಎಂಬ ಧಾತು ಮೊದಲಿನಿಂದಲೂ ಇದೆ: ಹಾವು ವಿಷ ಕಾರುತ್ತದೆ, ಚಿಮಣಿ ಹೊಗೆ ಕಾರುತ್ತದೆ. 'ಕಾರ್' ಎಂದರೆ ಕಪ್ಪು, ಮಳೆಗಾಲ ಎಂಬ ಅರ್ಥಗಳೂ ಉಂಟು. ಕಾರ್ಗಾಲದ ಒಂದು ಸಂಜೆ ಅಂಡರ್‌ಪಾಸಿನ ನೀರಲ್ಲಿ ಮುಳುಗಿ ನಿಂತ ಕಾರನ್ನು ಕಂಡವರಿಗೆ ಮೂರೂ ಅರ್ಥಗಳು ಒಂದೇ ಕಡೆ ಸಿಗುತ್ತವೆ. ಸೈಕಲ್ಲಿನ ಕುಲ ಇನ್ನೂ ದೊಡ್ಡದು. ಗ್ರೀಕಿನ 'ಕುಕ್ಲೋಸ್' ಅದರ ಮೂಲ, ಸಂಸ್ಕೃತದ 'ಚಕ್ರ' ಅದರ ದಾಯಾದಿ. ಚಕ್ರವೆಂದರೆ ಉರುಳುವುದು. ಹೆಸರಿನಲ್ಲೇ ಒಂದು ಉರುಳಿತು, ಇನ್ನೊಂದು ಕಾರಿತು.

ಇತಿಹಾಸವೂ ನಮ್ಮ ಪಕ್ಷವೇ. 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ಊರಿನಿಂದ ಕಾರ್ಲ್ ಡ್ರೈಸ್ ಎಂಬಾತ ಪೆಡಲಿಲ್ಲದ ಮರದ ಎರಡು ಚಕ್ರದ ಮೇಲೆ ಕೂತು, ನೆಲವನ್ನು ಕಾಲಿನಿಂದ ಒದೆಯುತ್ತ, ಹೋಗಿ ಬಂದು ಸುಮಾರು 13 ಕಿಲೋಮೀಟರನ್ನು ಒಂದು ಗಂಟೆಯೊಳಗೆ ಮುಗಿಸಿದ. ಅದೇ ಮಾನ್‌ಹೈಮಿನ ಇನ್ನೊಬ್ಬ ಕಾರ್ಲ್, ಅಂದರೆ ಬೆಂಜ್, 1886ರಲ್ಲಿ ಮೋಟಾರು ಗಾಡಿಗೆ ಪೇಟೆಂಟ್ ಪಡೆದ. (ಒಂದೇ ಊರು, ಒಂದೇ ಹೆಸರು, ಇಷ್ಟು ಸಾಕ್ಷ್ಯದ ಮೇಲೆ ಇಬ್ಬರೂ ಒಬ್ಬನೇ ಕವಿಯೆಂದು ಸಾಧಿಸಿ ಪದವಿ ಪಡೆದವರುಂಟು, ನಾವು ಆ ತಂಟೆಗೆ ಹೋಗುವುದಿಲ್ಲ.) ಈಗ 2022ಕ್ಕೆ ಬನ್ನಿ. ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಂತೆ ಆ ವರ್ಷ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ ಬೇಕಿತ್ತು, ಅಂದರೆ ಗಂಟೆಗೆ 20 ಕಿಲೋಮೀಟರಿನ ಆಸುಪಾಸು. 205 ವರ್ಷಗಳಲ್ಲಿ ಮನುಷ್ಯಕುಲ ಗಂಟೆಗೆ ಏಳು ಕಿಲೋಮೀಟರ್ ಗಳಿಸಿದೆ. ವರ್ಷಕ್ಕೆ 34 ಮೀಟರ್ ಬಿತ್ತು. ಈ ಗಳಿಕೆಯೂ ಕೈಯಲ್ಲಿ ನಿಲ್ಲುವುದಿಲ್ಲ. ಚಿಂತಕ ಇವಾನ್ ಇಲ್ಲಿಚ್ 1970ರ ದಶಕದಲ್ಲೇ ಅಮೆರಿಕದ ಗೃಹಸ್ಥನ ಲೆಕ್ಕಪುಸ್ತಕ ತೆರೆದು, ಕಾರಿನಲ್ಲಿ ಕೂರುವ ಹೊತ್ತಿಗೆ ಅದರ ಕಂತು, ವಿಮೆ, ಪೆಟ್ರೋಲಿಗಾಗಿ ದುಡಿಯುವ ಹೊತ್ತನ್ನೂ ಕೂಡಿಸಿದ. ವರ್ಷಕ್ಕೆ 1,600 ಗಂಟೆ ಸುರಿದು 7,500 ಮೈಲಿ ಹೋಗುತ್ತಾನೆಂದು ಕಂಡಿತು. ನಮ್ಮ ಅಳತೆಯಲ್ಲಿ ಅದು ಗಂಟೆಗೆ ಏಳೂವರೆ ಕಿಲೋಮೀಟರ್. ನೆಲ ಒದೆಯುತ್ತ ಹೋದ ಡ್ರೈಸ್ ಇವನನ್ನು ಹಿಂದೆ ಹಾಕಿ, ಮನೆಗೆ ಹೋಗಿ ಊಟಕ್ಕೆ ಕೂತಿರುತ್ತಾನೆ.

ಆದರೂ ಪೂರ್ವಪಕ್ಷಿಗೆ ಅನ್ಯಾಯವಾಗಬಾರದು. ಇಲ್ಲಿಚ್‌ನನ್ನು ಪಕ್ಕಕ್ಕಿಟ್ಟು ಬರೀ ಗಡಿಯಾರ ನೋಡೋಣ. ಜಯನಗರ ನಾಲ್ಕನೇ ಬ್ಲಾಕಿನಿಂದ ಗಾಂಧಿ ಬಜಾರ್ ಮೂರು ಕಿಲೋಮೀಟರಿನೊಳಗಿದೆ, ಮೂರೆಂದೇ ಹಿಡಿಯೋಣ. ಕಾರಿಗೆ ಒಂಬತ್ತು ನಿಮಿಷ. ಗಂಟೆಗೆ 12 ಕಿಲೋಮೀಟರಿನ ಸೋಮಾರಿ ಸೈಕಲ್ಲಿಗೆ ಹದಿನೈದು. ಕಾರಿಗೆ ಆರು ನಿಮಿಷದ ಲಾಭವೆಂದು ಪೂರ್ವಪಕ್ಷಿ ಬೀಗುತ್ತಾನೆ. ಈ ಆರು ನಿಮಿಷದ ಗತಿಯೇನು? ಗೇಟಿಗೆ ಅಡ್ಡ ನಿಂತ ಪಕ್ಕದ ಮನೆಯವರ ಗಾಡಿ ತೆಗೆಸುವುದಕ್ಕೆ ಒಂದಿಷ್ಟು, ರಿವರ್ಸ್ ಹಾಕುವುದಕ್ಕೆ ಒಂದಿಷ್ಟು. ಉಳಿದದ್ದೆಲ್ಲ ಬಜಾರು ತಲುಪಿದ ಮೇಲೆ ಪಾರ್ಕಿಂಗ್ ಹುಡುಕುತ್ತ ಡಿವಿಜಿ ರಸ್ತೆಯ ಸುತ್ತ ಹಾಕುವ ಪ್ರದಕ್ಷಿಣೆಗೆ, ಕೊನೆಗೆ ಸಿಕ್ಕ ಜಾಗದಿಂದ ಹೂವಿನಂಗಡಿಯವರೆಗೆ ವಾಪಸು ನಡೆಯುವುದಕ್ಕೆ. ದೂರ ಕಡಿಮೆಯಾದಷ್ಟೂ ಓಡುವ ಹೊತ್ತು ಕುಗ್ಗುತ್ತದೆ, ನಿಲ್ಲಿಸುವ ಹೊತ್ತು ಕುಗ್ಗುವುದಿಲ್ಲ. ಇದೇ ನಮ್ಮ ಸಿದ್ಧಾಂತದ ನಡುಗಂಬ. ಇಪ್ಪತ್ತು ಕಿಲೋಮೀಟರಿನ ಪಯಣದಲ್ಲಿ ಅಡಗಿರುವ ಸ್ಥಾವರಗುಣ ಮೂರರಲ್ಲಿ ಬಟಾಬಯಲಾಗುತ್ತದೆ. ಅಮೆರಿಕದ ವಿದ್ವಾಂಸ ಡೊನಾಲ್ಡ್ ಶೂಪ್ ಪ್ರಕಾರ ಕಾರು ತನ್ನ ಆಯುಷ್ಯದ ಶೇಕಡ 95 ಭಾಗ ನಿಂತೇ ಕಳೆಯುತ್ತದೆ. ನೂರರಲ್ಲಿ ತೊಂಬತ್ತೈದು ದಿನ ಮಲಗಿರುವವನನ್ನು ಓಟಗಾರನೆಂದು ಯಾವ ಊರಿನಲ್ಲೂ ಕರೆಯುವುದಿಲ್ಲ.

ಸಾಮಾನು ತರುವುದು ಹೇಗೆ ಎಂಬುದು ಮೊದಲ ಆಕ್ಷೇಪ. ಇದನ್ನು ಎಳನೀರು ಮಾರುವವರ ಮುಂದೆ ಎತ್ತಬೇಡಿ. ಅವರು ಗೊನೆಗೊನೆಗಳನ್ನೇ ಸೈಕಲ್ಲಿಗೆ ತೂಗುಹಾಕಿ ಊರೆಲ್ಲ ಸುತ್ತುತ್ತಾರೆ. ಪೂರ್ವಪಕ್ಷಿ ಒಂದು ಕಟ್ಟು ಕೊತ್ತಂಬರಿ ತರಲು ಎಂಟುನೂರು ಒಂಬೈನೂರು ಕಿಲೋ ಕಬ್ಬಿಣವನ್ನು ಜೊತೆಗೆ ಕರೆದೊಯ್ಯುತ್ತಾನೆ. ಬೆವರು, ಮಳೆ, ಏರು ಎಂಬ ಆಕ್ಷೇಪಗಳು ಇನ್ನಷ್ಟು ಬಡಕಲು. ಮಂಡಿನೋವಿನವರು, ಬಸುರಿಯರು, ಆಸ್ಪತ್ರೆಗೆ ಹೊರಟವರು ಸಿದ್ಧಾಂತಕ್ಕೆ ಹೊರತು. ಅವರಿಗಾಗಿಯಾದರೂ ರಸ್ತೆ ಖಾಲಿಯಿರಬೇಕಿತ್ತು. ಘನತೆಯ ಆಕ್ಷೇಪಕ್ಕೆ ಮಾತ್ರ ಉತ್ತರವಿಲ್ಲ, ಏಕೆಂದರೆ ಅದು ಪ್ರಯಾಣದ ಪ್ರಶ್ನೆಯೇ ಅಲ್ಲ. ಅದು ಮದುವೆ ಮನೆಯ ಪ್ರಶ್ನೆ.

ನಿಜವಾಗಿ ಗಟ್ಟಿಯಾದ ಆಕ್ಷೇಪ ಜೀವಭಯದ್ದು, ಅದನ್ನು ನಗೆಯಲ್ಲಿ ತೇಲಿಸಲಾಗದು. ಬೀದಿಯಲ್ಲಿ ಸೈಕಲ್ ತುಳಿಯುವುದು ಅಪಾಯ, ಆದ್ದರಿಂದ ಜನ ಕಾರು ಕೊಳ್ಳುತ್ತಾರೆ. ಕೊಂಡ ಕಾರಿಗೆ ಜಾಗ ಬೇಕು, ಆದ್ದರಿಂದ ಸೈಕಲ್ ಪಥದ ಮೇಲೆ ನಿಲ್ಲಿಸುತ್ತಾರೆ. ಜಯನಗರದಲ್ಲಿ ಬಣ್ಣ ಬಳಿದು ಗುರುತಿಸಿದ ಪಥಗಳಿಗೆ ಆದದ್ದು ಇದೇ. ಪಥ ಹೋದ ಮೇಲೆ ಸೈಕಲ್ ಮತ್ತೂ ಅಪಾಯ. ಮೂರು ಮೆಟ್ಟಿಲಲ್ಲಿ ಹೊರಟಲ್ಲಿಗೇ ಬಂದು ನಿಲ್ಲುವ ಈ ವಾದಕ್ಕೆ ತರ್ಕಶಾಸ್ತ್ರದಲ್ಲಿ ಚಕ್ರಕ ದೋಷವೆಂದು ಹೆಸರು. ಮೈಸೂರು 2017ರಲ್ಲಿ 'ಟ್ರಿಣ್ ಟ್ರಿಣ್' ಎಂದು 450 ಸೈಕಲ್ಲುಗಳನ್ನು ಬಾಡಿಗೆಗೆ ಬೀದಿಗಿಳಿಸಿ ಈ ಚಕ್ರವನ್ನು ಒಂದು ಕಡೆ ಹಿಡಿದು ನೋಡಿತು. ಬೆಂಗಳೂರು ಚಕ್ರ ಬಿಟ್ಟು ಫ್ಲೈಓವರ್ ಹಿಡಿಯಿತು. ಒಂದು ಫ್ಲೈಓವರಿನ ದಟ್ಟಣೆಗೆ ಇನ್ನೊಂದು, ಅದರದಕ್ಕೆ ಮತ್ತೊಂದು. ಇದು ಅನವಸ್ಥಾ ದೋಷ, ಗುತ್ತಿಗೆದಾರರಿಗೆ ಪ್ರಿಯವಾದದ್ದು.

ಒಂದು ಸಂಕರ ಪ್ರಭೇದವನ್ನೂ ವಿವೇಚಿಸಬೇಕು. ಭಾನುವಾರ ಬೆಳಗಿನ ಜಾವ ದುಬಾರಿ ಸೈಕಲನ್ನು ಕಾರಿನ ಹಿಂದೆ ಕಟ್ಟಿಕೊಂಡು ನಂದಿ ಬೆಟ್ಟದ ತಪ್ಪಲಿಗೆ ಹೋಗಿ ತುಳಿದು, ಸೋಮವಾರ ಅದೇ ಕಾರಿನಲ್ಲಿ ತಿರುವಿನಾಚೆಯ ನಂದಿನಿ ಬೂತಿಗೆ ಹಾಲಿಗೆ ಹೋಗುವವರದು ಈ ಪ್ರಭೇದ. ಪಾತ್ರೆಗೆ ತುಪ್ಪ ಆಧಾರವೋ ತುಪ್ಪಕ್ಕೆ ಪಾತ್ರೆಯೋ ಎಂದು ಪ್ರಾಚೀನರು ಜಗಳಾಡಿದ್ದರು. ಸೈಕಲ್ಲಿಗೆ ಕಾರು ವಾಹನವಾದ ಈ ಪ್ರಸಂಗ ಅವರ ಕಣ್ಣಿಗೆ ಬಿದ್ದಿದ್ದರೆ ಆ ತುಪ್ಪ ಎಂದೋ ಚೆಲ್ಲಿಹೋಗುತ್ತಿತ್ತು.

ಇನ್ನು ಕಾನೂನಿನ ಮಾತು. 1897ರ ಜನರಲ್ ಕ್ಲಾಸಸ್ ಕಾಯ್ದೆಯಂತೆ ಭೂಮಿಗೆ ಅಂಟಿಕೊಂಡ ವಸ್ತುಗಳೂ ಸ್ಥಿರಾಸ್ತಿಯೇ. ಹೊಂಗೆ ಮರದಡಿ ಕವರು ಹೊದ್ದು, ಚಕ್ರಕ್ಕೆ ಇಟ್ಟಿಗೆ ಕೊಟ್ಟುಕೊಂಡು, ಬಾನೆಟ್ಟಿನ ಮೇಲೆ ಬೆಕ್ಕಿನ ಸಂಸಾರ ಸಾಕುತ್ತಿರುವ ಕಾರು ಭೂಮಿಗೆ ಅಂಟಿಲ್ಲವೆಂದು ಯಾವ ವಕೀಲರು ವಾದಿಸಿಯಾರು? ಅದು ಅಪರೂಪಕ್ಕೆ ಹೊರಗೆ ಹೋದಾಗ ಮಾಲೀಕರು ಆ ಜಾಗದಲ್ಲಿ ಕಲ್ಲನ್ನೋ ಹೂಕುಂಡವನ್ನೋ ಇಟ್ಟು ಹೋಗುವುದು, ಜಮೀನು ತಮ್ಮದೆಂಬುದಕ್ಕೆ ಅವರೇ ಒದಗಿಸುವ ಸಾಕ್ಷ್ಯ. ಆದ್ದರಿಂದ ಕಾರಿನ ನೋಂದಣಿಯನ್ನು ಆರ್‌ಟಿಒದಿಂದ ಬಿಡಿಸಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಒಪ್ಪಿಸುವುದು ಯುಕ್ತ. ಕರಡು ಪತ್ರದಲ್ಲಿ ಚಕ್ಕುಬಂದಿಯನ್ನು ಹೀಗೆ ನಮೂದಿಸಬಹುದು: ಪೂರ್ವಕ್ಕೆ ಎದುರು ಮನೆಯವರ ಕಾರು, ಪಶ್ಚಿಮಕ್ಕೆ ಟ್ರಾನ್ಸ್‌ಫಾರ್ಮರ್, ಉತ್ತರಕ್ಕೆ ಜಲಮಂಡಳಿ ಅಗೆದ ಗುಂಡಿ, ದಕ್ಷಿಣಕ್ಕೆ ಹಿಂದೆ ಸೈಕಲ್ ಪಥವಾಗಿದ್ದ ಜಾಗ.