ಕಳಲೆ ಸುಲಿಯುತ್ತ

ಹಳಿಯಾಳದಲ್ಲಿ ಮಳೆ ತುಸು ಹೊಳವಾದರೆ ಸಾಕು, ಬೇಲಿಯ ಆಚೆ ಈಚೆ ಮಾತು ಶುರು. ಪಕ್ಕದ ಮನೆ ವೈನಿ ಜೋಯಿಡಾ ಕಡೆಯಿಂದ ಬಂದ ಕಳಲೆ ಸುಲಿಯುತ್ತ ಕೂತಿದ್ದರು.

“ಮಾಸ್ತರ, ನಮ್ಮ ತಂಗಿ ಮಗ ದಿಲ್ಲಿಗೆ ಹೋಗಿ ಬಂದಾನ. ಅಲ್ಲೆ ಅಣುವಿನ ಸಿಪ್ಪಿ ಸುಲಿಯೋ ಮಷೀನ್ ಐತಂತ. ಖರೇನೋ, ನನಗ ಟೋಪಿ ಹಾಕ್ಯಾನೋ?”

ಖರೇ ಅಂದೆ. ಅಲ್ಲಿನ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿದೆ, ಇಸಿಆರ್ ಅಯಾನು ಮೂಲ ಅಂತ ಹೆಸರು. ಪರಮಾಣುವಿನ ಸಿಪ್ಪೆಯೆಂದರೆ ಎಲೆಕ್ಟ್ರಾನು, ಸಿಪ್ಪೆ ಸುಲಿದ ಪರಮಾಣುವೇ ಅಯಾನು. ಕ್ಸೆನಾನ್ ಪರಮಾಣುವಿಗೆ 54 ಎಲೆಕ್ಟ್ರಾನು. ಮೇಲಿನವು ಸಲೀಸು, ಒಂದೊಂದು ಕಿತ್ತ ಹಾಗೂ ಉಳಿದವು ಬಿಗಿ.

“ಕಳಲೀ ಹಂಗ. ಒಳಗಿನ ಸಿಪ್ಪಿ ಉಗುರಿಗೂ ಸಿಗೂದಿಲ್ಲ. ಸುಲದು ಏನ್ ಮಾಡ್ತಾರ, ಪಲ್ಯಾನ?”

ಓಡಿಸುತ್ತಾರೆ. ವೈನಿಯ ಯಜಮಾನರು ಗಣೇಶಗುಡಿಯ ಪವರ್‌ಹೌಸಿನಲ್ಲಿದ್ದವರು, ಆ ಲೆಕ್ಕದಲ್ಲೇ ಹೇಳಿದೆ: ಸೂಪಾ ಡ್ಯಾಮಿನ ಎತ್ತರ 101 ಮೀಟರು, ಅದು ಬದಲಾಗದು, ಬೀಳುವ ನೀರು ಹೆಚ್ಚಿದರೆ ಕರೆಂಟು ಹೆಚ್ಚು. ಇಲ್ಲಿ ಎತ್ತರವೆಂದರೆ ವೋಲ್ಟೇಜು, ನೀರೆಂದರೆ ಕಳಕೊಂಡ ಎಲೆಕ್ಟ್ರಾನುಗಳ ಲೆಕ್ಕ. ಒಂದೇ ಕಳಕೊಂಡ ಅಯಾನಿಗೆ ಹೋಲಿಸಿದರೆ ಇಪ್ಪತ್ತು ಎಲೆಕ್ಟ್ರಾನು ಕಳಕೊಂಡ ಅಯಾನಿಗೆ ಅದೇ ವೋಲ್ಟೇಜಿನಲ್ಲಿ ಇಪ್ಪತ್ತು ಪಟ್ಟು ಶಕ್ತಿ. ಜಪಾನಿನ ಚಿಬಾದಲ್ಲಿ 1994ರಿಂದ ಹೀಗೆ ಓಡಿಸಿದ ಕಾರ್ಬನ್ ಅಯಾನುಗಳಿಂದಲೇ ಕ್ಯಾನ್ಸರ್ ಗಡ್ಡೆಗೆ ಚಿಕಿತ್ಸೆ.

“ಆದ್ರ ಸುಲಿಯೂದು ಯಾತರಿಂದ? ಕುಡಗೋಲ?”

ಎಲೆಕ್ಟ್ರಾನಿನಿಂದಲೇ. ಕಾಂತಗಳಿಂದ ಕಟ್ಟಿದ, ಗೋಡೆಯಿಲ್ಲದ ಗಡಿಗೆ, ಅದರೊಳಗೆ ಚಿಟಿಕೆ ಅನಿಲ, ಮೇಲೆ ಮೈಕ್ರೋವೇವ್. ಅಡುಗೆಮನೆ ಓವನ್ನಿನದು 2.45 ಗಿಗಾಹರ್ಟ್ಸ್, ದಿಲ್ಲಿಯದು 18. ಕಾಂತದ ನಡುವೆ ಎಲೆಕ್ಟ್ರಾನು ಗಿರಕಿ ಹೊಡೆಯುವ ತಾಳಕ್ಕೂ ಮೈಕ್ರೋವೇವಿನ ತಾಳಕ್ಕೂ ಕೂಡಿಬಂದರೆ ಪಂಚಮಿ ಜೋಕಾಲಿಯ ಹಾಗೆ ನೂಕಿದಷ್ಟೂ ಜೀಕು ಏರುತ್ತದೆ. 18ಕ್ಕೆ ಕೂಡಲು ಸುಮಾರು 0.64 ಟೆಸ್ಲಾ ಕಾಂತಕ್ಷೇತ್ರ ಬೇಕು. ಹಾಗೆ ಕಾವೇರಿದ ಎಲೆಕ್ಟ್ರಾನು ಪರಮಾಣುವಿಗೆ ಗುದ್ದಿ ಒಂದು ಸಿಪ್ಪೆ ಹಾರಿಸುತ್ತದೆ, ಇನ್ನೊಂದು ಬಂದು ಇನ್ನೊಂದನ್ನು. ಮೋಜೆಂದರೆ ಎಲೆಕ್ಟ್ರಾನು ಕುದಿಯುತ್ತಿದ್ದರೂ ಅಯಾನು ಹೆಚ್ಚುಕಡಿಮೆ ತಣ್ಣಗಿರುತ್ತದೆ. ಅದಕ್ಕೇ ಗಡಿಗೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಅನಿಲ ಜಾಸ್ತಿಯಾದರೆ ಕೆಲಸ ಕೆಟ್ಟಿತು: ಸುಲಿಸಿಕೊಂಡ ಅಯಾನು ಪಕ್ಕದವನ ಎಲೆಕ್ಟ್ರಾನು ಕಸಿದು ಮತ್ತೆ ಸಿಪ್ಪೆ ಹೊದ್ದುಕೊಳ್ಳುತ್ತದೆ. ಈ ಗಡಿಗೆ ಕಟ್ಟಿ ತೋರಿಸಿದವರು ಫ್ರಾನ್ಸಿನ ಗ್ರೆನೋಬಲ್‌ನ ರಿಚರ್ಡ್ ಗೆಲ್ಲರ್.

“ನಮ್ಮವರು ಯಾರೂ ಇಲ್ಲೇನು ಇದರಾಗ?”

ಇಲ್ಲದೇ ಏನು? ಅಯಾನು ಓಡಿಸುವ ಯಂತ್ರ, ಕೋಲ್ಕತ್ತೆಯ ಸೈಕ್ಲೋಟ್ರಾನಿನ ಹಿಂದೆ ನಿಂತವರು ತುಮಕೂರಿನ ರಾಜಾ ರಾಮಣ್ಣ. 1977ರಲ್ಲಿ ಅದರಿಂದ ಮೊದಲ ಕಿರಣ ಬಂತು. ಆಮೇಲೆ ಅದಕ್ಕೂ ಇಸಿಆರ್ ಬಂತು. ರಾಮಣ್ಣ ಪಿಯಾನೋ ನುಡಿಸುತ್ತಿದ್ದರು ಅಂದಾಗ ವೈನಿಗೆ ಅಯಾನಿಗಿಂತ ಅದೇ ಅಚ್ಚರಿ.

“ಅದೆಲ್ಲಾ ಇರಲಿ ಮಾಸ್ತರ, ಅದರ ಕರೆಂಟ್ ಬಿಲ್ಲು?”

ಒಳ್ಳೇ ಪ್ರಶ್ನೆ. ಕಾಂತಕ್ಕೆ ಸುತ್ತಿದ್ದು ತಾಮ್ರದ ಸುರುಳಿಯಾದರೆ ಕರೆಂಟೂ ನೀರೂ ಕುಡಿಯುತ್ತದೆ. ದಿಲ್ಲಿಯವರು ಅದಕ್ಕೇ ಸೂಪರ್‌ಕಂಡಕ್ಟರ್ ಸುರುಳಿ ಹಾಕಿದ್ದಾರೆ. ಕೊರೆಯುವ ಚಳಿಯಲ್ಲಿಟ್ಟರೆ ಅದಕ್ಕೆ ವಿದ್ಯುತ್ತಿನ ತಡೆಯೇ ಇಲ್ಲ.

ಮಳೆ ಮತ್ತೆ ಹನಿಯಿತು. ವೈನಿ ಕಳಲೆ ಬುಟ್ಟಿ ಎತ್ತಿಕೊಂಡರು. “ಹಂಗಿದ್ರ ನಮ್ಮ ಗ್ರೈಂಡರಿಗೂ ಒಂದು ಅಂಥಾ ಸುರುಳಿ ಹಾಕಿಸಿ ಕೊಡ್ರಿ.”